ಸ್ತುತಿಯೂ ಸ್ತುತ್ಯನೂ

ದೇವರನ್ನು ಸ್ತುತಿಸುತ್ತಿರುವಾಗಲೇ ದೇವರನ್ನು ಮರೆಯುವುದು ಸಾಧ್ಯವೇ? ಸಾಧ್ಯವೆಂದೇ ಹೇಳಬೇಕಾಗಿದೆ.

ಜಮಖಂಡಿ-ಮುಧೋಳ ಸೀಮೆಗೆ ಸಮೀಪದ ನೇಕಾರರ ಊರಾದ ಗುಳೇದಗುಡ್ಡದಲ್ಲಿ 1851ರಲ್ಲಿ ಬಾಸೆಲ್ ಮಿಶನ್ನಿನವರು ನೆಲೆಯೂರಿದರು. ಅದೇ ಮಿಶನ್ನಿನ ಕಿಟ್ಟೆಲರು 1862ರಲ್ಲಿ ಕ್ರಿಸ್ತಚರಿತೆಯನ್ನು ‘ಕಥಾಮಾಲೆ’ಯೆಂಬ ಕನ್ನಡ ಪದ್ಯಕೃತಿಯಾಗಿ ರಚಿಸಿದರು. ಜನರ ಹೃದಯವನ್ನು ಮುಟ್ಟಲು ಅವರ ನುಡಿಯೂ ಅವರ ಹಾಡೂ ಬೇಕು, ಇದರಲ್ಲಿ ದೋಷವಿಲ್ಲ. ಆದರೆ ರಾಗದ ಇಂಪಿಗೆ ತಲೆದೂಗುತ್ತ, ಹಾಡುವವನ ಕಂಠವನ್ನು ಕೊಂಡಾಡುತ್ತ ಮನಸ್ಸು ಅಲ್ಲಿಯೇ ನಿಂತರೆ ಪೂಜೆಯು ಸಲ್ಲುವುದು ಯಾರಿಗೆ? ಕಲ್ಲಿನ ವಿಗ್ರಹವನ್ನು ತೊರೆದವನಿಗೂ ನಾದದ ವಿಗ್ರಹದ ಭಯವು ತಪ್ಪಿದ್ದಲ್ಲ.

ಹಾಗೆಂದು ಹಾಡನ್ನೇ ಬಿಡಬೇಕೆಂದಲ್ಲ. ರಬಕವಿ-ಬನಹಟ್ಟಿಗಳ ನೇಕಾರನು ಮಗ್ಗವನ್ನು ಒಪ್ಪವಾಗಿಡುವುದು ಸೀರೆಗಾಗಿ. ಮಗ್ಗದ ಅಂದಕ್ಕಾಗಿ ಅಲ್ಲ. ಹಾಡು ಮುಗಿದ ಮೇಲಣ ಮೌನದಲ್ಲಿ ತನ್ನ ನೆನಪಿನಲ್ಲಿ ಉಳಿದವರು ಯಾರೆಂದು ಪ್ರತಿಯೊಬ್ಬ ಭಕ್ತನೂ ತನ್ನನ್ನೇ ಕೇಳಿಕೊಳ್ಳತಕ್ಕದ್ದು. ಆರಾಧನೆಗೆ ಇದೇ ಒರೆಗಲ್ಲು.