ಹಗ್ಗ, ಹಾವು, ಎರೆಹುಳು

ಮಬ್ಬುಗತ್ತಲೆಯಲ್ಲಿ ಹಗ್ಗವನ್ನು ಕಂಡು ಹಾವೆಂದು ಬೆದರಿದವನ ದೃಷ್ಟಾಂತವು ನಮ್ಮ ವೇದಾಂತಗ್ರಂಥಗಳಲ್ಲಿ ಮತ್ತೆ ಮತ್ತೆ ಬಂದು, ಒಂದು ವಸ್ತುವಿನಲ್ಲಿ ಮತ್ತೊಂದನ್ನು ಕಾಣುವುದೆಲ್ಲವೂ ಅವಿದ್ಯೆಯೇ ಎಂಬ ಭಾವನೆಯನ್ನು ನಮ್ಮಲ್ಲಿ ಆಳವಾಗಿ ಬೇರೂರಿಸಿಬಿಟ್ಟಿದೆ. ಅದು ಎಷ್ಟರಮಟ್ಟಿಗೆ ಸಾಧುವೆಂಬ ಶಂಕೆ ನನ್ನಲ್ಲಿ ಮೊಳೆತುದು ಭಜ್ಜು ಶ್ಯಾಮರ ಚಿತ್ರಪುಸ್ತಕವನ್ನು ಮಕ್ಕಳೊಡನೆ ಕುಳಿತು ತಿರುವಿಹಾಕುವಾಗ.

ಭಜ್ಜು ಶ್ಯಾಮರು ಮಧ್ಯಪ್ರದೇಶದ ಪಾಟನ್‌ಗಢವೆಂಬ ಹಳ್ಳಿಯಲ್ಲಿ ಹುಟ್ಟಿದ ಗೊಂಡ ಚಿತ್ರಕಾರರು. ಮನೆಯ ಗೋಡೆಗಳ ಮೇಲೆ ಮಂಗಳಚಿತ್ರಗಳನ್ನು ಬರೆಯುವುದು ಅವರ ಜನದ ಆಚಾರ. ತಾಯಿಯ ಕೈಗೆ ಎಟುಕದ ಎತ್ತರದ ಭಾಗಗಳನ್ನು ಈ ಬಾಲಕನು ತುಂಬಿಕೊಡುತ್ತಿದ್ದನಂತೆ. ಭೋಪಾಲಕ್ಕೆ ಬಂದು ರಾತ್ರಿಯ ಕಾವಲುಗಾರಿಕೆ ಮಾಡಿ, ಹಿರಿಯ ಬಂಧುವಾದ ಜನಗಢ ಸಿಂಗ್ ಶ್ಯಾಮರಲ್ಲಿ ಕೈ ಪಳಗಿಸಿಕೊಂಡ ಅವರು, ಮುಂದೆ ಲಂಡನ್ನಿನ ಉಪಾಹಾರಗೃಹವೊಂದರ ಗೋಡೆಗಳನ್ನು ಚಿತ್ರಿಸಲು ಹೋಗಿ, ಅಲ್ಲಿ ಕಂಡುದನ್ನೆಲ್ಲ ತಮ್ಮ ಕಾಡಿನ ಕಣ್ಣಿನಿಂದ ಬರೆದರು. ಆ ಚಿತ್ರಗಳನ್ನು ಚೆನ್ನೈನ ತಾರಾ ಬುಕ್ಸ್ ಸಂಸ್ಥೆಯು 2004ರಲ್ಲಿ ‘ದಿ ಲಂಡನ್ ಜಂಗಲ್ ಬುಕ್’ ಎಂದು ಪ್ರಕಟಿಸಿತು. ‘ದಿ ಜಂಗಲ್ ಬುಕ್’ ಎಂಬ ಕಿಪ್ಲಿಂಗನ ಗ್ರಂಥನಾಮವು ಹೀಗೆ ಅವನ ದೇಶದ ರಾಜಧಾನಿಗೇ ತಿರುಗಿ ಬಂದುದರ ವಿನೋದವನ್ನು ಓದುಗರಿಗೇ ಬಿಡುತ್ತೇನೆ.

ಆ ಪುಟಗಳಲ್ಲಿ ಬಿಗ್ ಬೆನ್ ಗೋಪುರವು ಹುಂಜದೊಡನೆ ಬೆಸೆದುಹೋಗಿ, ಗಡಿಯಾರದ ದುಂಡುಮುಖವೇ ಹುಂಜದ ಕಣ್ಣಾಗಿದೆ. ಹೊತ್ತನ್ನು ಸಾರುವ ಕೆಲಸ ಹಳ್ಳಿಯಲ್ಲಿ ಆ ಹಕ್ಕಿಯದು, ನಗರದಲ್ಲಿ ಆ ಗೋಪುರದ್ದು. ನೆಚ್ಚಿದವನ ಕೈಬಿಡದ 30ನೆಯ ನಂಬರಿನ ಬಸ್ಸು ನಾಯಿಯಾಗಿದೆ. ನೆಲದಡಿಯ ರೈಲಂತೂ ಎರೆಹುಳು. ಇದರ ಸ್ವಾರಸ್ಯ ತಿಳಿಯಬೇಕಾದರೆ ಗೊಂಡರ ಸೃಷ್ಟಿಕಥೆಯನ್ನು ಅರಿತಿರಬೇಕು: ಎಲ್ಲೆಲ್ಲೂ ನೀರೇ ತುಂಬಿದ್ದಾಗ ಭೂಮಿಯನ್ನು ನಿರ್ಮಿಸಲು ಬಡಾದೇವನಿಗೆ ಮಣ್ಣು ಬೇಕಾಯಿತು; ಅದನ್ನು ಅರಸಹೊರಟ ಕಾಗೆಗೆ ಏಡಿ ನೆರವಾಗಿ, ಪಾತಾಳದಲ್ಲಿ ಮಣ್ಣನ್ನು ನುಂಗಿ ಕುಳಿತಿದ್ದ ಎರೆಹುಳುವಿನಿಂದ ಅದನ್ನು ಕಕ್ಕಿಸಿತು.

ಇದು ಒಂದರ ಮೇಲೆ ಮತ್ತೊಂದನ್ನು ತಪ್ಪಾಗಿ ಆರೋಪಿಸುವ ಅಧ್ಯಾಸವೆ? ಹಗ್ಗವನ್ನು ಹಾವೆಂದವನಿಗೆ ಹಗ್ಗದ ಅರಿವಿರಲಿಲ್ಲ. ಅರಿವು ಮೂಡಿದೊಡನೆ ಹಾವು ಉಳಿಯಲಿಲ್ಲ. ಭಜ್ಜು ಶ್ಯಾಮರಾದರೋ ಟಿಕೆಟು ಕೊಂಡು ಹತ್ತಿದುದು ರೈಲನ್ನೇ ಹೊರತು ಹುಳುವನ್ನಲ್ಲ. ಬಸ್ಸೋ ನಾಯಿಯೋ ಎಂದು ಮಗುವನ್ನು ಕೇಳಿ ನೋಡಿ. ಎರಡೂ ಹೌದೆಂದು ಹೇಳಿ, ಕೇಳಿದವರ ಬುದ್ಧಿಗೆ ಅದು ಮರುಗುತ್ತದೆ. ಭ್ರಾಂತಿಯಿಂದ ರೂಪಕವನ್ನು ಬೇರ್ಪಡಿಸಿದ ನಮ್ಮ ಆಲಂಕಾರಿಕರು, ಇದು ಅದಲ್ಲವೆಂಬ ಬಾಧಕಜ್ಞಾನವಿದ್ದೂ ಇಚ್ಛಾಪೂರ್ವಕವಾಗಿ ತಳೆಯುವ ಇಂಥ ಬುದ್ಧಿಯನ್ನು ಆಹಾರ್ಯವೆಂದು ಕರೆದರು.

ಆದರೆ ಈ ಸಮಾಧಾನವು ಚಿತ್ರಕಾರನನ್ನು ಭ್ರಾಂತಿಯ ಆರೋಪದಿಂದ ಪಾರುಮಾಡುವ ಭರದಲ್ಲಿ ಅವನ ಶ್ರದ್ಧೆಯನ್ನು ಬರಿಯ ಅಲಂಕಾರವನ್ನಾಗಿಸುತ್ತದೆ. ಗೊಂಡ ಚಿತ್ರಕಾರರೇ ಆದ ದುರ್ಗಾಬಾಯಿ ಮತ್ತು ರಾಮ್ ಸಿಂಗ್ ಉರ್ವೇತಿಯವರೊಡನೆ ಭಜ್ಜು ಶ್ಯಾಮರು ರಚಿಸಿದ ‘ದಿ ನೈಟ್ ಲೈಫ್ ಆಫ್ ಟ್ರೀಸ್’ ಪುಸ್ತಕದಲ್ಲಿ, ಕೈಯಿಂದಲೇ ಸ್ಕ್ರೀನ್ ಮುದ್ರಣ ಮಾಡಿದ ಕಪ್ಪು ಕಾಗದದ ಮೇಲೆ ಮರಗಳು ಬೆಳಗುತ್ತವೆ: ಹಗಲೆಲ್ಲ ನೆರಳನ್ನೂ ಆಸರೆಯನ್ನೂ ಕೊಟ್ಟು ದುಡಿಯುವ ಮರಗಳ ಆತ್ಮವು ರಾತ್ರಿಯಲ್ಲಿ ಪ್ರಕಟವಾಗುವುದೆಂದು ಗೊಂಡರು ನಂಬುತ್ತಾರೆ. ಆ ನಂಬಿಕೆಯನ್ನು ರೂಪಕವೆಂದು ಹೊಗಳುವುದು ಅದನ್ನು ನಂಬದಿರುವುದರ ಸಭ್ಯವಾದ ರೀತಿಯಷ್ಟೆ.

ವಿಸ್ಮಯವೆಂದರೆ, ಹಗ್ಗ ಹಾವುಗಳ ದೃಷ್ಟಾಂತವನ್ನು ಅಷ್ಟು ಬಳಸಿದ ಶಂಕರಾಚಾರ್ಯರೇ ಇಲ್ಲಿ ನೆರವಿಗೆ ಬರುತ್ತಾರೆ. ಸಂಕೇತವೊಂದರಲ್ಲಿ ಬ್ರಹ್ಮವನ್ನು ಭಾವಿಸುವ ಪ್ರತೀಕೋಪಾಸನೆಯನ್ನು ವಿಚಾರಿಸುವ ಬ್ರಹ್ಮಸೂತ್ರಭಾಷ್ಯದ ಭಾಗದಲ್ಲಿ, ಕೀಳಾದುದರಲ್ಲಿ ಮೇಲಾದುದನ್ನು ಕಾಣುವುದು ಯುಕ್ತವೆಂದೂ, ರಾಜನ ಸೇವಕನಲ್ಲಿ ರಾಜನನ್ನು ಭಾವಿಸಬಹುದೇ ಹೊರತು ರಾಜನಲ್ಲಿ ಸೇವಕನನ್ನು ಭಾವಿಸಿದರೆ ಅನರ್ಥವೆಂದೂ ಅವರು ನಿರ್ಣಯಿಸುತ್ತಾರೆ. ಈ ಅಳತೆಗೋಲಿನಿಂದ ನೋಡಿದರೆ, ಕಬ್ಬಿಣದ ಬಸ್ಸಿನಲ್ಲಿ ನಾಯಿಯ ನಿಷ್ಠೆಯನ್ನು ಕಂಡ ಚಿತ್ರಕಾರನು ಜಡದಿಂದ ಚೇತನಕ್ಕೆ ಏರಿದವನೇ ಸರಿ. ಎರೆಹುಳುವಿನ ವಿಷಯದಲ್ಲಿ ಲಂಡನ್ನಿನವರು ತಮ್ಮ ರೈಲಿಗೆ ಅವಮಾನವಾಯಿತೆಂದು ಭಾವಿಸಿಯಾರು. ಭೂಮಿಗೆ ಮೊದಲ ಮಣ್ಣನ್ನು ಕೊಟ್ಟ ಜೀವಿಯದು ಯಾವ ಪದವಿಯೆಂಬುದನ್ನು ಪಾಟನ್‌ಗಢದವರು ಬಲ್ಲರು.