ದಾರಿಯ ಹಕ್ಕು, ದಾರಿಯ ಸುಂಕ

“ಹಜ್ರತ್, ಟೋಲ್ ಕಟ್ಟದೆ ತಪ್ಪಿಸಿಕೊಂಡು ಹೋಗುವುದು ಹರಾಮೇ?”

ಕೆಂಗೇರಿಯ ಕಡೆ ಸಂಜೆಯ ಮದ್ರಸದಲ್ಲಿ ಹನ್ನೆರಡು ವರ್ಷದ ವಿದ್ಯಾರ್ಥಿಯೊಬ್ಬ ಹೀಗೆ ಕೇಳಿದಾಗ ನನಗೆ ತಕ್ಷಣ ಉತ್ತರಿಸಲಾಗಲಿಲ್ಲ. ಉತ್ತರ ಗೊತ್ತಿರಲಿಲ್ಲವೆಂದಲ್ಲ. ಆ ಹುಡುಗನ ತಂದೆ ಟೋಲ್ ತಪ್ಪಿಸಿದ ದಿನ ಅದೇ ಕಾರಿನಲ್ಲಿ ನಾನೂ ಕುಳಿತಿದ್ದೆ.

ಹೊರ ಜಿಲ್ಲೆಯ ಒಂದು ನಿಕಾಹ್‌ಗೆ ಹೊರಟಿದ್ದೆವು. ಗೇಟಿನಲ್ಲಿ ನೋಡಿದರೆ ಫಾಸ್ಟ್ಯಾಗ್‌ನಲ್ಲಿ ಹಣವಿಲ್ಲ, ಇಮ್ಮಡಿ ಕಟ್ಟಬೇಕು. ನನ್ನ ಗೆಳೆಯರು ಕಿಟಕಿ ಇಳಿಸಿ, “ನಾವು ಇಲ್ಲೇ ಪಕ್ಕದ ಊರಿನವರು, ನಮ್ಮ ಹತ್ತಿರವೇ ಟೋಲ್ ಕೇಳ್ತೀಯಾ?” ಎಂದು ಗದರಿದರು. ಹಿಂದೆ ಹಾರ್ನ್‌ಗಳ ಸದ್ದು. “ಸಾರ್, ಲೆಕ್ಕ ಕಡಿಮೆಯಾದರೆ ನನ್ನನ್ನೇ ಕೇಳ್ತಾರೆ” ಎನ್ನುತ್ತಲೇ ಆ ಹುಡುಗ ಕಂಬ ಎತ್ತಿದ. ಗೆಳೆಯರು ನಗುತ್ತಾ ನನ್ನತ್ತ ತಿರುಗಿದರು: “ಅನ್ಯಾಯದ ಸುಂಕಕ್ಕೆ ಇದೇ ಮದ್ದು. ಅಲ್ವಾ ಮೌಲಾನಾ ಸಾಬ್?” ನಾನು ಮುಗುಳ್ನಕ್ಕು ಸುಮ್ಮನಾದೆ.

ಪ್ರಿಯ ಓದುಗರೇ, ಅವರ ಮಾತಿನಲ್ಲಿ ಎರಡು ಪ್ರಶ್ನೆಗಳು ಬೆರೆತಿವೆ. ಸುಂಕ ಅನ್ಯಾಯದ್ದೇ ಎಂಬುದು ಒಂದು. ಅನ್ಯಾಯದ್ದಾದರೆ ಅದನ್ನು ಎದುರಿಸುವ ಬಗೆ ಯಾವುದು ಎಂಬುದು ಇನ್ನೊಂದು. ಇವೆರಡನ್ನೂ ಬೇರೆ ಬೇರೆಯಾಗಿ ನೋಡಬೇಕು.

ಮೊದಲನೆಯದಕ್ಕೆ ನಮ್ಮ ಮನೆಬಾಗಿಲಲ್ಲೇ ಉದಾಹರಣೆಗಳಿವೆ. ಕೆಂಗೇರಿಯ ಬಳಿ ಮೈಸೂರು ರಸ್ತೆಯನ್ನು ನೈಸ್ ರಸ್ತೆ ಹಾದುಹೋಗುತ್ತದೆ. ಬೆಂಗಳೂರು–ಮೈಸೂರು ಕಾರಿಡಾರ್‌ಗಾಗಿ ಸರಕಾರವು ಖಾಸಗಿ ಕಂಪೆನಿಯೊಂದಿಗೆ 1997ರಲ್ಲಿ ಮಾಡಿಕೊಂಡ ಒಪ್ಪಂದದ ಫಲವದು. ನಗರವನ್ನು ಬಳಸಿ ಹೋಗುವ ರಸ್ತೆ ಬಂತು, ಸುಂಕವೂ ಬಂತು. ಮೈಸೂರಿನವರೆಗಿನ ದಾರಿ ಮಾತ್ರ ಬರಲಿಲ್ಲ. ಭೂಮಿ ಬಿಟ್ಟುಕೊಟ್ಟ ರೈತರ ದೂರುಗಳು ದಶಕಗಳ ಕಾಲ ನ್ಯಾಯಾಲಯಗಳನ್ನು ಸುತ್ತಿದವು. ಮೈಸೂರಿಗೆ ದಶಪಥ ಹೆದ್ದಾರಿಯನ್ನು ಕೊನೆಗೆ ಹೆದ್ದಾರಿ ಪ್ರಾಧಿಕಾರವೇ ನಿರ್ಮಿಸಿ, ಅದು 2023ರ ಮಾರ್ಚ್ 12ರಂದು ಉದ್ಘಾಟನೆಗೊಂಡಿತು. ಎರಡೇ ದಿನಗಳಲ್ಲಿ ಬಿಡದಿ ಸಮೀಪದ ಕಣಿಮಿಣಿಕೆಯಲ್ಲಿ ಸುಂಕ ವಸೂಲಿ ಆರಂಭವಾಯಿತು. ಅದೇ ದಿನ ಪ್ರತಿಭಟನೆಯೂ ಆರಂಭವಾಯಿತು. ಸರ್ವಿಸ್ ರಸ್ತೆಯ ಕೆಲಸ ಮುಗಿಯುವ ಮೊದಲೇ ಹಣ ಕೇಳುವುದೇಕೆ ಎಂಬುದು ಜನರ ಪ್ರಶ್ನೆಯಾಗಿತ್ತು. ಏಪ್ರಿಲ್ 1ರಂದು ದರ ಏರಿಸಲು ಹೊರಟದ್ದನ್ನು ವಿರೋಧದಿಂದಾಗಿ ತಡೆಹಿಡಿದರೂ ಕೆಲವೇ ವಾರಗಳಲ್ಲಿ ಅದು ಜಾರಿಗೆ ಬಂತು. ಅಪಘಾತಗಳು ಹೆಚ್ಚಿದುದರಿಂದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್‌ಗಳನ್ನು ಮುಖ್ಯ ಪಥಗಳಿಂದ ಹೊರಗಿಡಲಾಯಿತು.

ಹೀಗೆ ಒಂದೇ ದಾರಿ ಎರಡಾಯಿತು. ನಡುವಿನ ಆರು ಪಥಗಳು ಹಣ ಕಟ್ಟುವವರಿಗೆ. ಎರಡು ಬದಿಯ ಎರಡೆರಡು ಪಥಗಳು ಉಳಿದವರಿಗೆ. ಪ್ರಾಣರಕ್ಷಣೆಗಾಗಿ ಬೈಕನ್ನು ಬೇರ್ಪಡಿಸಿದ್ದನ್ನು ನಾವು ದೂರಲಾಗದು. ಆದರೆ ತರಕಾರಿ ಹೇರಿಕೊಂಡು ಆಟೋದಲ್ಲಿ ಬರುವವನಿಗೆ ಉಳಿದ ಆ ಬದಿಯ ದಾರಿ ಗುಂಡಿ ಬಿದ್ದಿದ್ದರೆ, ಮಳೆಯಲ್ಲಿ ಕೆರೆಯಾದರೆ, ಬಡವನ ಹಕ್ಕನ್ನು ಮುರಿದು ಉಳ್ಳವನ ವೇಗಕ್ಕೆ ಕೊಟ್ಟಂತಾಗುವುದಿಲ್ಲವೇ?

ದಾರಿಗೂ ಹಕ್ಕುಗಳಿವೆ ಎಂದು ಪ್ರವಾದಿವರ್ಯರು(ಸ) ಕಲಿಸಿದರು. ದಾರಿಯಿಂದ ತೊಂದರೆಯ ವಸ್ತುವನ್ನು ಸರಿಸುವುದನ್ನು ಈಮಾನಿನ ಒಂದು ಶಾಖೆಯೆಂದು ಎಣಿಸಿದರು. ಮದೀನಾದಲ್ಲಿ ರೂಮಾ ಎಂಬ ಬಾವಿಯ ನೀರು ಮಾರಾಟವಾಗುತ್ತಿದ್ದಾಗ, ಪ್ರವಾದಿವರ್ಯರ(ಸ) ಪ್ರೇರಣೆಯಿಂದ ಹ. ಉಸ್ಮಾನ್(ರ) ಅದನ್ನು ಕೊಂಡು ಎಲ್ಲರಿಗೂ ಬಿಟ್ಟುಕೊಟ್ಟರು. ಇದರಲ್ಲಿ ಎರಡು ಪಾಠಗಳಿವೆ. ಎಲ್ಲರಿಗೂ ಬೇಕಾದುದು ಒಬ್ಬನ ಕೈಯಲ್ಲಿ ಸಿಕ್ಕಿಕೊಳ್ಳುವುದು ಸಮಾಜಕ್ಕೆ ಹಿತವಲ್ಲ. ಹಾಗೆಂದು ಬಾವಿಯ ಒಡೆಯನಿಂದ ಅದನ್ನು ಕಿತ್ತುಕೊಳ್ಳಲಿಲ್ಲ. ಬೆಲೆ ಕೊಟ್ಟೇ ಪಡೆದರು.

ಹಾಗಾದರೆ ಸುಂಕವೆಲ್ಲ ಅನ್ಯಾಯವೇ? ಹಾಗೆ ಹೇಳಲಾಗದು. ಕೂಲಿ ಕೊಡದೆ ರಸ್ತೆ ಆಗುವುದಿಲ್ಲ. ಇಮಾಮ್ ಅಬೂ ಯೂಸುಫ್(ರಹ್) ‘ಕಿತಾಬುಲ್ ಖರಾಜ್’ನಲ್ಲಿ ಒಂದು ಘಟನೆಯನ್ನು ಉಲ್ಲೇಖಿಸಿದ್ದಾರೆ. ಹ. ಉಮರ್(ರ) ಅವರ ಕಾಲದಲ್ಲಿ ವ್ಯಾಪಾರದ ಸರಕಿನ ಮೇಲೆ ಸುಂಕವಿತ್ತು. ತಗ್ಲಿಬ್ ಗೋತ್ರದ ಒಬ್ಬ ಕ್ರೈಸ್ತ ವ್ಯಾಪಾರಿ ಕುದುರೆಯೊಂದಿಗೆ ಬಂದು ಸುಂಕ ತೆತ್ತ. ಅದೇ ವರ್ಷ ಮತ್ತೆ ಆ ದಾರಿಯಲ್ಲಿ ಬಂದಾಗ ಅಧಿಕಾರಿ ಮತ್ತೆ ಕೇಳಿದ. ಆತ ಕದ್ದು ದಾಟಲಿಲ್ಲ, ಜಗಳಕ್ಕೂ ಇಳಿಯಲಿಲ್ಲ. ನೇರವಾಗಿ ಖಲೀಫರ ಬಳಿ ಹೋಗಿ ದೂರಿದ. ಒಂದೇ ಮಾತಿನ ಉತ್ತರ ಪಡೆದು, ತನ್ನ ದೂರು ಕೇಳಿಸಿತೋ ಇಲ್ಲವೋ ಎಂಬ ಶಂಕೆಯಿಂದ ಮರಳಿದ. ಆದರೆ ಅವನು ತಲಪುವ ಮೊದಲೇ ಖಲೀಫರ ಪತ್ರ ತಲಪಿತ್ತು: ವರ್ಷಕ್ಕೆ ಒಮ್ಮೆಗಿಂತ ಹೆಚ್ಚು ಪಡೆಯಬಾರದು.

ಈ ಘಟನೆಯಿಂದ ನ್ಯಾಯದ ಸುಂಕದ ಲಕ್ಷಣ ತಿಳಿಯುತ್ತದೆ. ಅದಕ್ಕೆ ಮಿತಿ ಇರಬೇಕು. ದೂರಿಗೆ ಕಿವಿ ಇರಬೇಕು. ಕೊಡುವವನು ಪರಧರ್ಮದವನಾದರೂ ಅವನ ಹಕ್ಕು ಅವನಿಗೆ ಸಿಗಬೇಕು. ಇಂದಿನ ರಸ್ತೆಗೆ ಇನ್ನೆರಡು ಮಾತುಗಳನ್ನು ಸೇರಿಸಬಹುದು: ಕೊಟ್ಟ ಹಣಕ್ಕೆ ತಕ್ಕ ಕೆಲಸ ಆಗಿರಬೇಕು, ಕೊಡಲಾಗದವನಿಗೆ ಯೋಗ್ಯವಾದ ಇನ್ನೊಂದು ದಾರಿ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ವಿರೋಧಿಸುವುದು ನಾಗರಿಕನ ಹಕ್ಕು. ಸತ್ಯವಿಶ್ವಾಸಿಗೆ ಅದು ಹೊಣೆಯೂ ಹೌದು.

ಇನ್ನು ಎರಡನೆಯ ಪ್ರಶ್ನೆ. ವಿರೋಧ ಹೇಗಿರಬೇಕು? ಕರಾವಳಿಯ ಸುರತ್ಕಲ್‌ನಲ್ಲಿ ಇದ್ದ ಟೋಲ್ ಗೇಟಿಗೂ ಹೆಜಮಾಡಿಯ ಗೇಟಿಗೂ ಹತ್ತು ಕಿ.ಮೀ. ಆಸುಪಾಸಿನ ಅಂತರ. ಎರಡು ಗೇಟುಗಳ ನಡುವೆ ಸಾಮಾನ್ಯವಾಗಿ 60 ಕಿ.ಮೀ. ಇರಬೇಕೆಂದು 2008ರ ಶುಲ್ಕ ನಿಯಮಗಳೇ ಹೇಳುತ್ತವೆ. ಜನರು ವರ್ಷಗಟ್ಟಲೆ ಮನವಿ ಕೊಟ್ಟರು, ಸಭೆ ನಡೆಸಿದರು. 2022ರ ಅಕ್ಟೋಬರ್ ಕೊನೆಯಿಂದ ಹಗಲು ರಾತ್ರಿ ಧರಣಿ ಕುಳಿತರು. ಡಿಸೆಂಬರ್ 1ರಂದು ಅಲ್ಲಿ ವಸೂಲಿ ನಿಂತಿತು. ನಿಯಮವನ್ನು ಮುಂದಿಟ್ಟು, ಬಹಿರಂಗವಾಗಿ, ಬಿಸಿಲು ಮಳೆಗೆ ಮೈಯೊಡ್ಡಿ ನಡೆಸಿದ ಹೋರಾಟವದು. ಅದರ ಫಲ ಅಲ್ಲಿ ಸಾಗುವ ಪ್ರತಿಯೊಬ್ಬನಿಗೂ ಸಿಕ್ಕಿತು.

ಇದನ್ನು ನಮ್ಮ ಕಾರಿನ ಘಟನೆಯೊಂದಿಗೆ ಹೋಲಿಸಿ ನೋಡಿ. ನಮ್ಮ ಸುಳ್ಳಿನಿಂದ ಸುಂಕ ಒಂದು ಪೈಸೆಯೂ ಇಳಿಯಲಿಲ್ಲ. ನಮ್ಮ ಹಿಂದೆ ಇದ್ದವನು ಪೂರ್ತಿ ಕೊಟ್ಟ. ನೀತಿ ರೂಪಿಸಿದ ಅಧಿಕಾರಿಗೆ, ಲಾಭ ಎಣಿಸುವ ಗುತ್ತಿಗೆದಾರನಿಗೆ ನಮ್ಮ ಕೋಪ ತಲಪಲೇ ಇಲ್ಲ. ತಲಪಿದ್ದು ತಿಂಗಳ ಸಂಬಳಕ್ಕೆ ಗೂಡಿನಲ್ಲಿ ನಿಂತ ಹುಡುಗನಿಗೆ. ನಾವು ಅದನ್ನು ಪ್ರತಿಭಟನೆ ಎಂದುಕೊಂಡೆವು. ಅದು ಬರೇ ಉಳಿತಾಯವಾಗಿತ್ತು. ಅನ್ಯಾಯವನ್ನು ನಿಜವಾಗಿ ಎದುರಿಸುವವನು ತನ್ನ ಹೆಸರು ಹೇಳಿ ನಿಲ್ಲುತ್ತಾನೆ, ಸುಳ್ಳು ಊರಿನ ಹೆಸರು ಹೇಳುವುದಿಲ್ಲ. ಗಾಜು ಒಡೆಯುವವನಿಗೂ ಆಂಬುಲೆನ್ಸ್ ತಡೆದು ನಿಲ್ಲಿಸುವವನಿಗೂ ಇದೇ ಮಾತು ಅನ್ವಯಿಸುತ್ತದೆ. ದಾರಿಯ ಹಕ್ಕಿಗಾಗಿ ಹೋರಾಡುವವನೇ ದಾರಿಗೆ ಮುಳ್ಳಾಗಬಾರದು.

ಮರುದಿನ ನಾನು ಆ ವಿದ್ಯಾರ್ಥಿಗೆ ಉತ್ತರ ಹೇಳಿದೆ: “ಸುಂಕ ಹೆಚ್ಚಾಯಿತೆಂದು ಕೇಳುವುದು ನಿನ್ನ ಹಕ್ಕು ಮಗನೇ. ಸುಳ್ಳು ಹೇಳಿ ದಾಟುವುದು ಹಕ್ಕಲ್ಲ.” ಆಮೇಲೆ ಇಶಾ ನಮಾಝಿನ ಬಳಿಕ ಅವನ ತಂದೆಯನ್ನು ಕಂಡು ಅಂದಿನ ನನ್ನ ಮೌನಕ್ಕಾಗಿ ಕ್ಷಮೆ ಕೇಳಿದೆ. ಅವರು ಸ್ವಲ್ಪ ಹೊತ್ತು ತಲೆ ತಗ್ಗಿಸಿ ನಿಂತು ಹೇಳಿದರು: “ಆವತ್ತೇ ಹೇಳಬೇಕಿತ್ತು ಮೌಲಾನಾ ಸಾಬ್. ನೀವು ನಕ್ಕಿದ್ದಕ್ಕೆ ಸರಿಯೇ ಇರಬೇಕು ಅಂದುಕೊಂಡೆ. ಆಮೇಲೂ ಎರಡು ಸಲ ಹಾಗೇ ದಾಟಿದೆ.”

ಆ ಎರಡು ಸಲದ ಲೆಕ್ಕದಲ್ಲಿ ನನ್ನ ಪಾಲೂ ಇದೆ. ಅಲ್ಲಾಹನು ನಮ್ಮನ್ನು ಕ್ಷಮಿಸಲಿ. ನ್ಯಾಯವನ್ನು ನ್ಯಾಯದ ದಾರಿಯಲ್ಲೇ ಕೇಳುವ ಧೈರ್ಯವನ್ನು ದಯಪಾಲಿಸಲಿ.