ಮರದ ಮೇಲಿನ ಗುರುತು

ಕಡಿದವನ ಪಾಪದಲ್ಲಿ ಗುರುತು ಹಾಕಿದವನಿಗೂ ಪಾಲಿದೆಯೆ? ಈ ಪ್ರಶ್ನೆ ನನಗೆ ಎದುರಾದದ್ದು ಪುಸ್ತಕದಲ್ಲಲ್ಲ, ಪಾಣತ್ತೂರಿನಿಂದ ಕರಿಕೆಗೆ ಹೋಗುವ ರಸ್ತೆಯ ಮೇಲುಗಡೆಯ ಕಾಡಿನಲ್ಲಿ.

ಒಂದು ರಜಾದಿನ ಅರಣ್ಯ ಇಲಾಖೆಯ ಅನುಮತಿ ಪಡೆದು, ಹೆಸರಿಲ್ಲದ ಗುಡ್ಡವೊಂದನ್ನು ಹತ್ತಲು ಹೊರಟಿದ್ದೆ. ಜತೆಗಿದ್ದವರು ಎಪ್ಪತ್ತು ದಾಟಿದ ಅಜ್ಜ. ಪ್ರಾಯದಲ್ಲಿ ಕೂಪಿನಲ್ಲಿ ದುಡಿದವರು. ನಮ್ಮ ಕನ್ನಡದಲ್ಲೂ ನೆರೆಯ ಮಲೆಯಾಳದಲ್ಲೂ 'ಕೂಪು' ಎಂದರೆ ಒಂದೇ: ಮರ ಕಡಿಯಲು ಗೊತ್ತುಮಾಡಿದ ಕಾಡಿನ ತುಂಡು. ಹಳೆಯ ಲಾರಿ ದಾರಿ ಪೊದೆಯಲ್ಲಿ ಮುಗಿಯಿತು. ಅಲ್ಲಿಂದ ಮೇಲೆ ಕಾಲುದಾರಿಯೂ ಇಲ್ಲ. ಬೆತ್ತದ ಮುಳ್ಳು ಅಂಗಿ ಹಿಡಿದೆಳೆಯುತ್ತಿತ್ತು. ಇಂಬಳ ಕಾಲಿಗೆ ಹತ್ತುತ್ತಿತ್ತು.

ಹತ್ತುವಾಗ ದಾರಿ ತಪ್ಪುವ ಭಯ ಕಡಿಮೆ. ಗುಡ್ಡದ ಏಣುಗಳೆಲ್ಲ ಕೊನೆಗೆ ತುದಿಯಲ್ಲಿ ಕೂಡುತ್ತವೆ. ಇಳಿಯುವಾಗ ಅವೇ ಏಣುಗಳು ಕವಲೊಡೆದು ಬೇರೆ ಬೇರೆ ಕಣಿವೆಗೆ ಒಯ್ಯುತ್ತವೆ. ಆದುದರಿಂದ ನಾನು ಕತ್ತಿ ತೆಗೆದು ಧೂಪದ ಮರದ ತೊಗಟೆಯಲ್ಲಿ ಗುರುತು ಕೆತ್ತಹೊರಟೆ.

"ಬೇಡ ಬ್ಯಾಂಕಿನವರೇ," ಎಂದು ಅಜ್ಜ ಕೈ ತಡೆದರು. "ಗುರ್ತು ಬಿದ್ದ ಮರ ನನಗೆ ನೋಡಲಿಕ್ಕೆ ಆಗುವುದಿಲ್ಲ." ಮತ್ತೆ ಅಲ್ಲಲ್ಲಿ ಸಣ್ಣ ಗೆಲ್ಲುಗಳನ್ನು ಬಗ್ಗಿಸಿ ಇಡುತ್ತ ಮುಂದೆ ನಡೆದರು.

ತುದಿಯಲ್ಲಿ ಬುತ್ತಿ ಬಿಚ್ಚಿದಾಗ ಕಾರಣ ಹೇಳಿದರು. ಅವರದು ಮುದ್ರೆ ಸುತ್ತಿಗೆಯ ಕೆಲಸ. ಸಾಹೇಬರು ತೋರಿಸಿದ ಮರದ ತೊಗಟೆ ಕೆತ್ತಿ ಎದೆಮಟ್ಟದಲ್ಲೊಂದು, ಬುಡದಲ್ಲೊಂದು ಮುದ್ರೆ ಹೊಡೆಯಬೇಕು. ಮರ ಹೋದ ಮೇಲೂ ಬುಡದ ಮುದ್ರೆ ಕುತ್ತಿಯಲ್ಲಿ ಉಳಿಯಬೇಕು, ಲೆಕ್ಕ ತಪ್ಪಬಾರದು. "ಒಮ್ಮೆ ಒಂದು ಮರದ ಪೊಟರೆಯಲ್ಲಿ ಮಂಗಟ್ಟೆ ಹಕ್ಕಿ ಮೊಟ್ಟೆಗೆ ಕೂತಿತ್ತು. ಗಂಡು ಹಣ್ಣು ತಂದು ಬಿರುಕಿನಲ್ಲಿ ಕೊಡುತ್ತಿತ್ತು. ಸಾಹೇಬರಿಗೆ ಹೇಳಿದೆ. 'ಹಾಗಾದರೆ ಅದನ್ನು ಬಿಡು' ಅಂದರು. ಅಷ್ಟೇ, ಬಿಟ್ಟರು! ಉಳಿದ ಮರಗಳ ಬಗ್ಗೆ ನಾನು ಬಾಯಿಯೇ ಬಿಡಲಿಲ್ಲ."

ಅಜ್ಜನನ್ನು ಸಮಾಧಾನಪಡಿಸಲು ಮಾತು ಬಂತು: ಆಜ್ಞೆ ಮೇಲಿನವರದು, ಕೊಡಲಿ ಕೆಳಗಿನವರದು, ನಡುವೆ ನೀವು ಕೂಲಿಯವರು. ಆದರೆ ನಾಲಿಗೆ ಹೊರಳಲಿಲ್ಲ. ಇಪ್ಪತ್ತು ವರ್ಷಗಳಿಂದ ನಾನೂ ಮುದ್ರೆ ಒತ್ತುವವನೇ ತಾನೆ? ಅಡವಿಟ್ಟ ಚಿನ್ನದ ಹರಾಜಿನ ನೋಟೀಸುಗಳಿಗೆ ಮೊಹರು ಬೀಳುವುದು ನನ್ನ ಮೇಜಿನಲ್ಲಿ. ಒಂದು ವರ್ಷ ನಮ್ಮೂರ ಅಕ್ಕ ಒಬ್ಬರ ಕರಿಮಣಿಯ ನೋಟೀಸು ಬಂದಿತ್ತು. ಅವರ ಅಡಿಕೆ ಅಂಗಳದಲ್ಲಿ ಒಣಗುತ್ತಿದ್ದುದನ್ನು ಆ ಬೆಳಗ್ಗೆಯೇ ನೋಡಿದ್ದೆ. ಮ್ಯಾನೇಜರರ ಕೋಣೆ ಹತ್ತು ಹೆಜ್ಜೆ. ನಾನು ಎದ್ದು ಹೋಗಲಿಲ್ಲ. ಮೊಹರು ಒತ್ತಿದೆ.

ಆಜ್ಞೆಯನ್ನು ಮೀರಿ ನಿಲ್ಲುವ ಧೀರರೂ ಇದ್ದಾರೆ. 1983ರಲ್ಲಿ ಶಿರಸಿಯ ಸಾಲ್ಕಣಿಯ ಜನ ಮರಗಳನ್ನು ಅಪ್ಪಿ ಕೊಡಲಿ ತಡೆದರು. 1996ರ ಡಿಸೆಂಬರ್ 12ರಂದು ಸುಪ್ರೀಂ ಕೋರ್ಟು, ಕೇಂದ್ರ ಸರಕಾರ ಒಪ್ಪಿದ ಕಾರ್ಯಯೋಜನೆ ಇಲ್ಲದೆ ಕಾಡಿನ ಮರ ಕಡಿಯಬಾರದೆಂದಿತು. ಎಲ್ಲರಿಂದಲೂ ಅಷ್ಟು ಆಗದು. ಕೂಲಿ ಬಿಟ್ಟರೆ ಅಜ್ಜನ ಮನೆಯ ಒಲೆ ಉರಿಯುತ್ತಿರಲಿಲ್ಲ. ಹಾಗಾದರೆ ಗುರುತು ಹಾಕುವವನ ಪಾಲು ಎಷ್ಟು? ನನಗೆ ತೋಚಿದ್ದು ಇಷ್ಟು: ಆಜ್ಞೆ ಬರೆದವನು ಮರವನ್ನು ಸಂಖ್ಯೆಯಾಗಿ ಕಾಣುತ್ತಾನೆ; ಕಡಿಯುವವನಿಗೆ ಅದು ಆಗಲೇ ತೀರ್ಮಾನವಾದ ಮರ. ತೀರ್ಮಾನಕ್ಕೆ ಮುಂಚೆ ಹತ್ತಿರ ನಿಂತು ತಲೆಯೆತ್ತಿ ನೋಡಬಲ್ಲವನು ನಡುವಿನವನೊಬ್ಬನೇ. ಕಂಡದ್ದನ್ನು ಹೇಳುವುದು ಅವನ ಪಾಲು. ಕೇಳುವುದು, ಬಿಡುವುದು ಮೇಲಿನವರದು.

ಬಗ್ಗಿದ ಗೆಲ್ಲುಗಳನ್ನು ಹುಡುಕುತ್ತ ಕತ್ತಲೆಗೆ ಮುನ್ನ ಇಳಿದೆವು. ಎರಡು ಕಡೆ ದಾರಿ ತಪ್ಪಿತು. ಅಜ್ಜ ಹೊಳೆಯ ಸದ್ದು ಕೇಳಿ ಸರಿಪಡಿಸಿದರು.

ಮುಂದಿನ ವಾರ ನೋಟೀಸುಗಳ ಕಟ್ಟು ಬಂದಾಗ ಹೆಸರುಗಳನ್ನು ಒಂದೊಂದಾಗಿ ಓದಿದೆ. ಒಂದನ್ನು ಹಿಡಿದು ಆ ಹತ್ತು ಹೆಜ್ಜೆ ನಡೆದೆ. ಮ್ಯಾನೇಜರರು ನಿಯಮ ಹೇಳಿದರು. ನಾನು ಆ ಮನೆಯ ಸ್ಥಿತಿ ಹೇಳಿದೆ. ನೋಟೀಸು ಹೋಯಿತು. ಆದರೂ ಅಂದು ಅವರು ಆ ಹೆಸರನ್ನು ಎರಡು ಸಲ ಓದಿದರು.